ವಾರ ಸಾಕು ಎಂದವನು

"ಓರಿಯೆಂಟೇಶನ್ ಎಷ್ಟ ದಿನ ಇರಬೇಕಂತೀರಿ?" ಪ್ರಿನ್ಸಿಪಾಲ್ ನರ್ಮದಾ ಮೇಡಂ ಮೀಟಿಂಗಿನಲ್ಲಿ ಕೇಳಿದರು.

"ಒಂದ ತಿಂಗಳರೆ ಬೇಕ್ರಿ," ಎಂದಳು ಹೊಸ ಲೆಕ್ಚರರ್ ವಸುಧಾ, ತುಸು ಅವಸರದಲ್ಲೇ.

"ವಾರ ಸಾಕ್ರಿ. ಇವರದು ಇವತ್ತಿಗೆ ವಾರ ಆತು, ಮುಗಸ್ರಿ," ಎಂದ ಹಿರಿಯ ಲೆಕ್ಚರರ್ ಕಳಕೇಶ, ತಲೆ ಎತ್ತದೆ.

ಮೇಡಂ ಆಗಲಿ ಎಂದುಬಿಟ್ಟರು. ವಸುಧಾಳ ಕಿವಿ ಕೆಂಪಾಯಿತು.

ಗಜೇಂದ್ರಗಡದ ಆ ಕಾಲೇಜಿಗೆ ಹೊಸದಾಗಿ ಬಂದವರು ಯಾರೇ ಆಗಲಿ, ಮೊದಲು ಹಿರಿಯರೊಬ್ಬರ ಕ್ಲಾಸಿನಲ್ಲಿ ವಿದ್ಯಾರ್ಥಿಗಳ ಜೊತೆ ಕೂತು ಪಾಠ ಹೇಳುವುದನ್ನು ನೋಡಬೇಕು, ಆಮೇಲೆ ಅವರೆದುರು ತಾವೂ ಪಾಠ ಮಾಡಬೇಕು; ಇದೇ ಓರಿಯೆಂಟೇಶನ್. ರೋಣದಿಂದ ಬಸ್ಸಿಗೆ ಬರುವ ವಸುಧಾಳಿಗೆ ಸಿಕ್ಕಿದ್ದು ಫಿಜಿಕ್ಸಿನ ಕಳಕೇಶ. ಮೊದಲ ದಿನ ಅವನು ಪುಸ್ತಕ ಮುಚ್ಚಿಟ್ಟು, ಕಿಟಕಿಯಾಚೆ ಗುಡ್ಡದ ಮೇಲಿನ ಗಾಳಿಯಂತ್ರ ತೋರಿಸಿದ. "ಅದನ್ನ ತಿರಗಸೂ ಗಾಳಿಗೆ ಕಸುವು ಯಾರು ಕೊಟ್ರು?" ಎಂದ. ಹುಡುಗರು ಒಬ್ಬರ ಮಾತಿಗೊಬ್ಬರು ಮಾತು ಸೇರಿಸುತ್ತ ಸೂರ್ಯನ ತನಕ ಹೋದರು. ಎಂ.ಎಸ್ಸಿ. ಮುಗಿಸಿದ ವಸುಧಾ ಆ ಗುಡ್ಡವನ್ನು ಅಂದೇ ಮೊದಲು ಕಂಡವಳಂತೆ ಬಾಯಿ ತೆರೆದು ಕೂತಳು. ಕಳಕೇಶ ಅದನ್ನು ನೋಡಿ ಮೀಸೆಯಲ್ಲೇ ನಕ್ಕ. ಆ ನಗುವಿಗೆ ಅವಳು ಮನಸೋತಳು, ಮುಚ್ಚುಮರೆ ಯಾಕೆ!

ಈಗ ಅವನೇ ತನ್ನನ್ನು ಸಾಗಹಾಕುತ್ತಿದ್ದಾನೆ.

ಮೀಟಿಂಗ್ ಮುಗಿದದ್ದೇ ವರಾಂಡದಲ್ಲಿ ಅವನಿಗೆ ಅಡ್ಡ ನಿಂತು ಕೇಳಿಯೇಬಿಟ್ಟಳು. "ನಾ ನಿಮಗ ಅಷ್ಟು ಬ್ಯಾಸರಾಗೀನೇನ್ರಿ ಸರ್?"

"ಬ್ಯಾಸರ?" ಕಳಕೇಶ ತಬ್ಬಿಬ್ಬಾದ. "ನಿನ್ನಿ ನಿಮ್ಮ ಪಾಠ ಕೇಳಾಕ ಬಂದಿದ್ನಲ್ರಿ. ಬೆಳಕು ಹ್ಯಾಂಗ ಬಾಗತೈತಿ ಅಂತ ನೀವು ಕೇಳಿದಾಗ ಹುಡುಗರ ಜೋಡಿ ನಾನೂ ಕೈ ಎತ್ತಿದ್ದೆ. ಖರೇ ಹೇಳ್ತೀನಿ, ಮೈಯಾಗ ಜುಮ್ ಅಂತು. ನಿಮಗ ಕಲಸೂದು ನನ್ನ ಕಡಿ ಏನೂ ಉಳದಿಲ್ರಿ."

"ಅಷ್ಟಕ್ಕ ಲಗೂ ಮುಗಸ್ರಿ ಅಂತ ಹೇಳಿದ್ರೇನ್ರಿ?"

ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ಓರಿಯೆಂಟೇಶನ್ ಮುಗಿಯೂತನಕ ನಿಮ್ಮ ಬಗ್ಗೆ ಮೇಡಂ ಮುಂದ ಚಲೋ-ಕೆಟ್ಟ ಹೇಳಾಂವ ನಾನು. ಅಂಥಾ ಹೊತ್ತಿನ್ಯಾಗ ನಿಮ್ಮನ್ನ ಮೆಚ್ಚೀನಿ ಅಂದಿದ್ರ, ಒಲ್ಲೆ ಅನ್ನಾಕ ನೀವು ಅಂಜತಿದ್ರಿ. ಈಗ ಹೇಳ್ತೀನಿ. ಭಾಳ ಮೆಚ್ಚೀನ್ರಿ. ಒಲ್ಲೆ ಅನ್ನೂದಿದ್ರ ಆರಾಮ ಅನ್ರಿ."

ವಸುಧಾ ಬೆರಗಾಗಿ ನಿಂತಳು. ತನ್ನ 'ಒಲ್ಲೆ'ಗೂ ಇಷ್ಟು ಬೆಲೆ ಕೊಡುವ ಗಂಡಸನ್ನು ಅವಳು ಕಂಡಿರಲಿಲ್ಲ.

"ಒಲ್ಲೆ ಅನ್ನಾಕ ನನಗ ಯಾವ ಅಂಜಿಕಿನೂ ಇಲ್ರಿ," ಎಂದಳು.

ಕಳಕೇಶನ ಮುಖ ಬಾಡಿತು.

"ಒಲ್ಲೆ ಅನ್ನಾಕ ಮನಸೂ ಇಲ್ರಿ," ಎಂದಳು, ಅವನ ಕಣ್ಣನ್ನೇ ನೋಡುತ್ತ.