ಅಜೀಮನ ಆಟೋಮ್ಯಾಟಿಕ್

ರಾಣೆಬೆನ್ನೂರಿನ ದಾದಾಪೀರರ ಗ್ಯಾರೇಜಿನ ಮುಂದೆ ಅಜೀಮನ ಕಾರು ತಿಣುಕುತ್ತ ಬಂದು ನಿಂತಿತು. ಸುಟ್ಟ ಎಣ್ಣೆಯ ನಾತ ಗಪ್ಪೆಂದು ಹೊಡೆಯಿತು. ಅವನು ಇಳಿಯಲಿಲ್ಲ, ಒಳಗೇ ಕುಳಿತು ಹಾರ್ನ್ ಒತ್ತಿದ.

ಸಾಜಿಯಾಳ ಮೈ ಉರಿಯಿತು. ಅಪ್ಪನ ಗ್ಯಾರೇಜಿನ ಗೇರ್‌ಬಾಕ್ಸ್ ಕೆಲಸವೆಲ್ಲ ಈಗ ಅವಳದೇ. ಬಂದವನೋ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್ ಮಾಲೀಕರ ಮಗ, ಕಪ್ಪು ಕನ್ನಡಕ, ನಗುವಿನಲ್ಲೂ ಹುಕುಂ. ತಾನೇ ದೊಡ್ಡ ಟರ್ಬೊ ಕೂಡಿಸಿ ಇಂಜಿನ್ ಪವರ್ ಏರಿಸಿದೆನೆಂದು ಜಂಬದಿಂದ ಹೇಳಿಕೊಂಡ. ಆ ಪವರ್ ತಡೆಯಬೇಕಾದ ಗೇರ್‌ಬಾಕ್ಸನ್ನು ಮಾತ್ರ ಮುಟ್ಟಿರಲಿಲ್ಲ. ಒಳಗಿನ ಕ್ಲಚ್ ಪ್ಲೇಟುಗಳು ಜಾರಿ ಜಾರಿ ಕರಕಲಾಗಿದ್ದು ನಾತದಿಂದಲೇ ಅವಳಿಗೆ ಗೊತ್ತಾಯಿತು.

“ಇಷ್ಟು ಶೋಕಿ ಇದ್ರ ಮ್ಯಾನ್ಯುಅಲ್ ತಗೋಬೇಕಿತ್ರಿ,” ಎಂದಳು. “ಆಟೋಮ್ಯಾಟಿಕ್ ಅಂದ್ರ ಮೈಗಳ್ಳರ ಗಾಡಿ.”

ಅವನ ನಗು ಆರಿತು. ಬಾಗಿಲು ತೆರೆದು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಹೊರಗಿಟ್ಟು, ಕೋಲೂರಿ ನಿಂತ.

“ಮ್ಯಾನ್ಯುಅಲ್ ಗಾಡಿ ಕ್ಲಚ್ ತುಳಿಯಾಕ ಈ ಕಾಲು ಬರಂಗಿಲ್ರಿ.”

ಬೇರೆ ಕಡೆ ಒಯ್ಯೋಣವೆಂದರೆ ಕಾರು ಕದಲಲೊಲ್ಲದು. ಅಲ್ಲೇ ಬಿಟ್ಟು ಬಸ್ಸಿಗೆ ಹೋದ.

ಸಾಜಿಯಾ ಗೇರ್‌ಬಾಕ್ಸ್ ಬಿಚ್ಚಿದಳು. ಪ್ಲೇಟುಗಳ ಸಂಖ್ಯೆ ಹೆಚ್ಚಿಸಿದಳು, ಅವನ್ನು ಬಿಗಿಯಾಗಿ ಹಿಡಿಯಲು ಎಣ್ಣೆಯ ಒತ್ತಡ ಏರಿಸಿದಳು, ಬಿಸಿ ತಡೆಯಲು ಮುಂದೆ ದೊಡ್ಡ ಕೂಲರ್ ಕೂಡಿಸಿದಳು. ಅವನು ಕೆಲಸ ನೋಡಲು ಬಂದಾಗಲೆಲ್ಲ ಓಡಿಹೋಗಿ ಕುರ್ಚಿ ಹಾಕುತ್ತಿದ್ದಳು, ಮೆತ್ತಗೆ ಮಾತಾಡುತ್ತಿದ್ದಳು. ಅವನು ಆ ಮೆತ್ತನೆಯ ಮಾತನ್ನು ಹೇಸಿಗೆ ತುಳಿದವನಂತೆ ಮುಖ ಕಿವುಚಿ ಕೇಳುತ್ತಿದ್ದ. ಕುರ್ಚಿಯಲ್ಲಿ ಒಮ್ಮೆಯೂ ಕೂರಲಿಲ್ಲ.

ಕಾರು ಸಿದ್ಧವಾದ ಮಧ್ಯಾಹ್ನ ಅವಳು ಅವನ ಟರ್ಬೊ ಕೆಲಸವನ್ನೂ ಹೊಗಳಿದಳು.

“ಕನಿಕರ ಬ್ಯಾಡ್ರಿ,” ಎಂದ ಅಜೀಮ. “ನಾ ಬೆಸೆದ ಆ ಟರ್ಬೊ ಪೈಪು ನಿಮಗ ಖರೇನ ಚಲೋ ಅನಸ್ತೈತೇನು?”

ಅವಳು ಬಗ್ಗಿ ನೋಡಿದಳು. ತಡೆಯಲಾಗಲಿಲ್ಲ. “ಇಲ್ರಿ. ಇಷ್ಟು ಹೊಲಸು ವೆಲ್ಡಿಂಗ್ ನಾ ಎಲ್ಲೂ ನೋಡಿಲ್ಲ.”

ಅವನ ಮುಖ ಅರಳಿತು. ಅವಳಿಗೇಕೋ ಎದೆ ಡವಗುಟ್ಟಿತು. ಅದಕ್ಕೂ ಸಿಟ್ಟು ಬಂತು.

ಪರೀಕ್ಷಿಸಿ ನೋಡಲು ಇಬ್ಬರೂ ಹಾವೇರಿಯ ಹೆದ್ದಾರಿ ಹಿಡಿದರು. ಅಜೀಮ ಆಕ್ಸಲರೇಟರ್ ಒತ್ತಿದಂತೆ ಗೇರುಗಳು ತಡವರಿಸದೆ ಏರಿದವು. ಮೋಟೆಬೆನ್ನೂರು ದಾಟಿದ ಮೇಲೆ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ:

“ನಿಮ್ಮ ಮನಿಗೆ ನಮ್ಮ ಅಮ್ಮೀನ ಕಳಸ್ಲೇನ್ರಿ?”

ಸಾಜಿಯಾ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

“ಇಂಥ ಸೊಕ್ಕಿನವರಿಗೆ ಬ್ಯಾರೆ ಯಾರು ಹೆಣ್ಣು ಕೊಡ್ತಾರ? ಕಳಸ್ರಿ.”

ನಗು ತಡೆಯಲು ಕೆಳದುಟಿ ಕಚ್ಚಿಕೊಂಡಳು. ಸಾಲಲಿಲ್ಲ.