ಅಳತೆ ತಪ್ಪಿದ ತೋಳು

ಬಹಳ ಬಹಳ ಹಿಂದೆಯೇನಲ್ಲ, ಮೊನ್ನೆ ಮೊನ್ನೆ, ಒಂದೂರಲ್ಲಿ ಒಬ್ಬ ಹುಡುಗಿ ಇದ್ದಳು. ರಾಜಕುಮಾರಿಯಲ್ಲ. ಬೆಳಗ್ಗೆ ಮೆಡಿಕಲ್ ಕಾಲೇಜಿನಲ್ಲಿ ಓದುವವಳು, ಮಧ್ಯಾಹ್ನದ ಮೇಲೆ ಚಿಕ್ಕಮ್ಮನ ಟೈಲರ್ ಅಂಗಡಿಯಲ್ಲಿ ಹೊಲಿಯುವವಳು. ಚಿಕ್ಕಮ್ಮನದು ಒಂದೇ ಷರತ್ತು: ಒಪ್ಪಿಕೊಂಡ ಬಟ್ಟೆಯನ್ನು ಅವಳೇ ಮುಗಿಸಿ ಕೊಡಬೇಕು.

ಕಾಲೇಜಿನಲ್ಲಿ ನಾಡಿ ನೋಡಲು ಕಲಿಸಿದ ಶನಿವಾರವೇ ಅವನು ಅಂಗಡಿಗೆ ಬಂದ. ಪಕ್ಕದ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಹೊಸ ಕೋಟಿನ ತೋಳು ಎಷ್ಟು ಉದ್ದವೆಂದರೆ ಬೆರಳುಗಳೇ ಕಾಣುತ್ತಿರಲಿಲ್ಲ. ಗಿಡ್ಡ ಮಾಡಿಕೊಡಬೇಕಂತೆ.

ಅವಳು ಟೇಪು ಹಿಡಿದಳು. ಅವನು ಕೈ ಚಾಚಿದ.

ನಿದ್ದೆಗಣ್ಣು ಬೇರೆ... ಮಣಿಕಟ್ಟು ಸಿಕ್ಕಿದ್ದೇ ತಡ, ಬೆರಳುಗಳು ತಾವಾಗಿಯೇ ನಾಡಿಯ ಮೇಲೆ ಕುಳಿತವು! ಗೋಡೆ ಗಡಿಯಾರ ನೋಡುತ್ತಾ ಎಣಿಸಿದಳು. ಅವನೂ ಕೈ ಎಳೆದುಕೊಳ್ಳಲಿಲ್ಲ. ಬಂದ ಅಂಕಿಯನ್ನು ಕೋಟಿನ ಒಳಮೈಗೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ಮುಂದಿನ ಶನಿವಾರ ಖಂಡಿತ ಎಂದು ಮಾತು ಕೊಟ್ಟಳು.

ಅವನು ಹೋದ ಮೇಲೆ ಚಿಕ್ಕಮ್ಮ ಕನ್ನಡಕ ಏರಿಸಿದಳು.

"ಏನೇ ಇದು? ಆ ಮನುಷ್ಯನ ತೋಳು ನೂರಾಹನ್ನೆರಡು ಇಂಚಾ? ನಮ್ಮ ಬಾಗಿಲಲ್ಲಿ ಹೇಗೆ ತೂರಿಕೊಂಡು ಬಂದನೇ?"

ಅಯ್ಯೋ... ಅಳೆದದ್ದು ತೋಳನ್ನಲ್ಲ ಎಂದು ಅವನಿಗೆ ಯಾವ ಬಾಯಲ್ಲಿ ಹೇಳುವುದು?

ಶನಿವಾರ ಅವನು ಬಂದಾಗ, ಪರೀಕ್ಷೆ ಹತ್ತಿರ ಬಂತೆಂದು ನೆಪ ಹೇಳಿದಳು. ಅವನು ಬೇಸರಿಸಿಕೊಳ್ಳಲಿಲ್ಲ. ಸ್ಟೂಲ್ ಎಳೆದು ಕುಳಿತು, ಅವಳ ಪುಸ್ತಕ ತೆರೆದು ಪ್ರಶ್ನೆ ಕೇಳತೊಡಗಿದ. ಅವಳು ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಲೇ ಉತ್ತರ ಹೇಳಿದಳು. ಅವಳು ತಡವರಿಸಿದಾಗ ಅವನು ಪುಸ್ತಕ ನೋಡಿ, ಕತ್ತರಿಸುವ ಮೇಜಿನ ಮೇಲೆ ಆ ಮೂಳೆಯ ಚಿತ್ರ ಬಿಡಿಸಿದ.

ಪ್ರತಿ ಶನಿವಾರವೂ ಹೀಗೇ ಆಯಿತು. ತನ್ನ ಮೇಜು ಸ್ಮಶಾನವಾಯಿತೆಂದು ಚಿಕ್ಕಮ್ಮ ಗೊಣಗಿದಳು.

ಅಳತೆ ಕೇಳಿದರೆ ಕೋಟು ಮುಗಿಯುತ್ತದೆ. ಕೋಟು ಮುಗಿದರೆ... ಇವನು ಯಾಕೆ ಬರುತ್ತಾನೆ?

ಪಾಸಾದ ಸುದ್ದಿ ಬಂದ ದಿನ ಅವಳು ಅಂಗಡಿಯಲ್ಲಿ ಸಿಹಿ ಹಿಡಿದು ಕಾದಿದ್ದಳು. ಅವನ ಕಣ್ಣು ಮೊದಲು ಬಿದ್ದದ್ದು ಮೊಳೆಗೆ ನೇತುಹಾಕಿದ್ದ ಕೋಟಿನ ಮೇಲೆ. ಮುಖ ಸಪ್ಪಗಾಯಿತು.

"ಹಾಗೇ ಕೊಟ್ಟುಬಿಡಿ. ಪರೀಕ್ಷೆ ಮುಗಿದ್ರೂ ಮುಟ್ಟಿಲ್ಲ ಅಂದ್ರೆ ನಿಮಗೆ ಇಷ್ಟ ಇಲ್ಲ ಅಂತ ತಾನೇ? ನಾನೇ ಸುಮ್ಮನೆ ಬಂದು ಬಂದು ತಲೆ ತಿಂದೆ."

ಅವಳು ಕೋಟನ್ನು ಎಳೆದು ಅವುಚಿಕೊಂಡಳು.

"ಕೊಡಲ್ಲ. ನನ್ನ ಹತ್ರ ನಿಮ್ಮ ಅಳತೆನೇ ಇಲ್ಲ!"

ಒಳಮೈಯ ಅಂಕಿ ತೋರಿಸಿ ಎಲ್ಲವನ್ನೂ ಹೇಳಿದಳು. ಅವನು ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದ. ಆಮೇಲೆ ಎದ್ದು ಕೈ ಚಾಚಿದ.

ಟೇಪು ಭುಜದಿಂದ ಇಳಿದು ಮಣಿಕಟ್ಟಿಗೆ ಬಂತು. ಬೆರಳುಗಳು ಅಲ್ಲೇ ನಿಂತವು.

"ಇವತ್ತೂ ಅಷ್ಟೇ ಜೋರು," ಎಂದಳು ಮೆಲ್ಲಗೆ. "ಆವತ್ತು ಓಡಿ ಬಂದಿದ್ರಿ ಅಂದ್ಕೊಂಡಿದ್ದೆ."

"ನಡ್ಕೊಂಡೇ ಬಂದಿದ್ದೆ. ನೀವು ಕೈ ಹಿಡಿಯೋವರೆಗೂ ಎಲ್ಲ ಸರಿಯಾಗೇ ಇತ್ತು."

"ಔಷಧ ಆಮೇಲೆ ಕೊಡುವಿಯಂತೆ," ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಮೊದಲು ತೋಳು ಹೊಲಿ."

ಅವಳು ಹೊಲಿಯಲು ಕುಳಿತಳು. ಅವನ ಕೈಯಲ್ಲಿ ಇಂದು ಪುಸ್ತಕವಿರಲಿಲ್ಲ.

"ಇದು ಮುಗಿದ್ಮೇಲೂ ಬರ್ತೀರಾ?"

"ಬರ್ತೀನಿ. ಹೊಲಿಯೋಕೆ ಏನೂ ತರದೆ, ಬರೀ ನಿಮಗೋಸ್ಕರ."

ಸೂಜಿ ಬೆರಳಿಗೆ ಚುಚ್ಚಿದ್ದೂ ಅವಳಿಗೆ ತಿಳಿಯಲಿಲ್ಲ. ಕೊನೆಯ ಹೊಲಿಗೆ ಬಿಗಿದು ಹಲ್ಲಿನಿಂದ ದಾರ ಕಡಿದಳು. ಸೀಮೆಸುಣ್ಣದ ಆ ಅಂಕಿಯನ್ನು ಮಾತ್ರ ಒರೆಸದೆ ಬಿಟ್ಟಳು.

ಅವನು ಕೋಟು ತೊಟ್ಟ. ಬೆರಳುಗಳು ಕಂಡವು.