ನೋಯದ ಲಸಿಕೆ

"ಇವತ್ತೂ ನೋಯಲಿಲ್ಲವಲ್ಲಮ್ಮ," ಎಂದ ಕಂಡಕ್ಟರ್.

ಸೂಜಿ ಬಿಸಾಡಲು ಹೊರಟಿದ್ದ ನರ್ಸ್ ಅಲ್ಲೇ ನಿಂತಳು.

ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದ ಮನುಷ್ಯ ಅವನು. ಶ್ವಾಸಕೋಶದ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಅದು ಮರಳಿ ಬರದಿರಲೆಂದು ಹೊಸ ಲಸಿಕೆಯೊಂದರ ಪ್ರಯೋಗಕ್ಕೆ ಸೇರಿದ್ದ. ಮೂರು ವಾರಕ್ಕೊಮ್ಮೆ ತೊಡೆಗೆ ಚುಚ್ಚುತ್ತಿದ್ದರು. ಲಸಿಕೆ ಹಾಲಿನಂತೆ ಬೆಳ್ಳಗಿತ್ತು. ಒಳಗೆ ಹೋದರೆ ಕೆಂಡ ಇಟ್ಟಂತೆ ಉರಿ. ಮರುದಿನ ಗೋಲಿಯಷ್ಟು ಗಂಟು.

"ಇವತ್ತೂ ಅಂದ್ರೆ?"

"ಹೋದ ಸಲವೂ ಉರೀಲಿಲ್ಲ. ಗಂಟೂ ಬರಲಿಲ್ಲ. ಡಾಕ್ಟರಿಗೆ ಹೇಳಿದೆ. ಮೈಗೆ ಒಗ್ಗಿದೆ ಬಿಡಿ ಅಂದ್ರು."

ನರ್ಸ್ ಖಾಲಿ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ರಬ್ಬರ್ ಮುಚ್ಚಳದಲ್ಲಿ ಅವಳು ಚುಚ್ಚಿದ ತೂತು ಇತ್ತು. ಅದರ ಪಕ್ಕ ಇನ್ನೊಂದು ತೂತು. ಮೇಲಿದ್ದ ಪ್ಲಾಸ್ಟಿಕ್ ಟೋಪಿಯನ್ನು ಯಾರೋ ಒಮ್ಮೆ ಬಿಚ್ಚಿ, ಅಂಟು ಹಾಕಿ ಮತ್ತೆ ಕೂರಿಸಿದ್ದರು.

ಅವಳು ನೇರ ಆಸ್ಪತ್ರೆಯ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಪೊಲೀಸರಿಗೆ ಫೋನ್ ಮಾಡಿದರು.

*

"ಇನ್ನೂ ಸ್ವಲ್ಪ ದಿನ ರಜೆ ತಗೋಬಹುದಿತ್ತು ಮೇಡಂ," ಎಂದ ಜೀಪು ಓಡಿಸುತ್ತಿದ್ದ ಪೇದೆ. ಠಾಣೆಯಲ್ಲಿ ಅವನನ್ನು ಎಲ್ಲರೂ ಮೀಸೆ ಎಂದೇ ಕರೆಯುವುದು.

"ಮನೇಲಿ ಕೂತು ಏನ್ ಮಾಡ್ಲಿ?" ಎಂದಳು ಇನ್‌ಸ್ಪೆಕ್ಟರ್.

ಹೋದ ತಿಂಗಳು ಅವಳ ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಅವಳು ಅತ್ತಿರಲಿಲ್ಲ. ಅನ್ನ ಬಾಯಲ್ಲಿ ಕಾಗದದಂತಿರುತ್ತಿತ್ತು. ಜನರ ಮಾತು ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತಿತ್ತು. ಆದರೆ ಕೆಲಸ ಸಾಗುತ್ತಿತ್ತು.

ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕಿದ್ದು ಪ್ರಯೋಗ ನಡೆಸುತ್ತಿದ್ದ ಡಾಕ್ಟರ್, ಸಣಕಲು ಆಳು. ಲಸಿಕೆಯನ್ನು ರೂಪಿಸಿದವನೂ ಅವನೇ. ಇಸ್ತ್ರಿ ಕಾಣದ ಅಂಗಿ, ನಿದ್ದೆಗೆಟ್ಟ ಕಣ್ಣು.

"ಗೆಡ್ಡೆಯ ಪ್ರೋಟೀನಿನ ಒಂದು ಸಣ್ಣ ಚೂರನ್ನ ನಾವೇ ತಯಾರಿಸ್ತೀವಿ. ಪೆಪ್ಟೈಡ್ ಅಂತಾರೆ. ಅದನ್ನ ಎಣ್ಣೆಯಲ್ಲಿ ಕಲಸಿ ಚುಚ್ಚೋದು. ಮೈಯ ಕಾವಲು ಕಣಗಳು ಅದನ್ನ ನೋಡಿ ಗುರುತು ಹಿಡ್ಕೋತವೆ. ನಿಮಗೆ ಕಳ್ಳನ ಫೋಟೋ ಕೊಟ್ಟ ಹಾಗೆ."

"ಫೋಟೋ ಕೊಟ್ರೂ ನಾವು ಹಿಡಿಯೋದು ಅಷ್ಟರಲ್ಲೇ ಇದೆ," ಎಂದ ಮೀಸೆ. ಯಾರೂ ನಗಲಿಲ್ಲ.

"ಎಲ್ಲರ ಮೈಗೂ ಕೆಲಸ ಮಾಡುತ್ತಾ?" ಇನ್‌ಸ್ಪೆಕ್ಟರ್ ಕೇಳಿದಳು.

"ಇಲ್ಲ. ಫೋಟೋನ ಎತ್ತಿ ತೋರಿಸೋಕೆ ಜೀವಕೋಶಕ್ಕೆ ಕೈ ಬೇಕು ಅಂದ್ಕೊಳ್ಳಿ. ಎಲ್ಲರ ಕೈಯೂ ಒಂದೇ ತರ ಇರಲ್ಲ. ರಕ್ತ ನೋಡಿ, ಹೊಂದೋರನ್ನ ಮಾತ್ರ ಸೇರಿಸ್ಕೋತೀವಿ."

"ಹೊಂದದವರು?"

"ವಾಪಸ್ ಕಳಿಸ್ತೀವಿ."

ಲಸಿಕೆಯ ಫ್ರಿಜ್ಜಿಗೆ ಎರಡೇ ಬೀಗದ ಕೈ. ಒಂದು ಡಾಕ್ಟರ ಬಳಿ, ಇನ್ನೊಂದು ಔಷಧಿ ಕೋಣೆಯವನ ಬಳಿ.

*

ಔಷಧಿ ಕೋಣೆಯವನು ಪೊಲೀಸರನ್ನು ಕಂಡೊಡನೆ ಬೆವರಿದ. ಕೇಳುವ ಮೊದಲೇ "ನಾನಲ್ಲ" ಎಂದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದು ಮೀಸೆ ಅವನ ಭುಜದ ಮೇಲೆ ಕೈಯಿಟ್ಟ.

ಐದು ನಿಮಿಷದಲ್ಲಿ ಬಾಯಿ ಬಿಟ್ಟ. ಲಸಿಕೆಯ ಫ್ರಿಜ್ಜಿನಲ್ಲಿ ದಿನವೂ ತನ್ನ ಊಟದ ಡಬ್ಬಿ ಇಡುತ್ತಿದ್ದನಂತೆ. ಅಪರಾಧ ಅಷ್ಟೇ.

ಅವನೇ ಇನ್ನೊಂದು ವಿಷಯ ಹೇಳಿದ. ಯಾರೋ ಒಬ್ಬ ಕನ್ನಡಕದವನು ವಾರಗಟ್ಟಲೆ ಫ್ರಿಜ್ಜಿನ ಕೋಣೆಯ ಮುಂದೆ ಸುಳಿದಾಡುತ್ತಿದ್ದನಂತೆ.

ಕನ್ನಡಕದವನು ಸಿಕ್ಕಿದ. ಅತ್ತೆಗೆ ಕ್ಯಾನ್ಸರ್, ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ.

"ಹೊಂದಲ್ಲ ಅಂದ್ರು. ಹೊಂದದಿದ್ರೂ ಕೊಡಿ ಅಂತ ಗೋಗರೆದೆ. ಹಾಗೆ ಕೊಟ್ರೆ ಬರೀ ನೋವು ಕೊಟ್ಟ ಹಾಗೆ ಅಂದ್ರು ಡಾಕ್ಟರು."

"ಅದಕ್ಕೆ ಕದ್ದೆಯಾ?" ಮೀಸೆ ಗದರಿದ.

ಇನ್‌ಸ್ಪೆಕ್ಟರ್ ಅವನ ಮನೆಗೆ ಹೋಗಿ, ಅತ್ತೆಯ ಬಳಿ ಕುಳಿತು, ಕ್ಷಮೆ ಕೇಳಿ, ತೊಡೆ ಕೈ ಎರಡನ್ನೂ ನೋಡಿದಳು. ಎಲ್ಲೂ ಒಂದೂ ಗಂಟಿಲ್ಲ.

"ಅಳಿಯ ಒಳ್ಳೆಯವನಮ್ಮ, ಸ್ವಲ್ಪ ಪೆದ್ದ," ಎಂದರು ಅತ್ತೆ.

ಅಷ್ಟರಲ್ಲಿ, ಪರೀಕ್ಷೆಗೆ ಲಸಿಕೆಯ ಪೆಟ್ಟಿಗೆ ಕಳಿಸಿದ್ದ ಪ್ರಯೋಗಾಲಯದಿಂದ ಫೋನ್ ಬಂತು. ಪೆಟ್ಟಿಗೆಯ ಕೆಲವು ಸೀಸೆಗಳನ್ನು ಮಾತ್ರ ಬದಲಿಸಿದ್ದರು. ಅವುಗಳಲ್ಲಿದ್ದ ಬಿಳಿ ದ್ರವ, ಬಾಯಿಂದ ಉಣ್ಣಲಾಗದ ರೋಗಿಗಳಿಗೆ ರಕ್ತನಾಳದ ಮೂಲಕ ಕೊಡುವ ಕೊಬ್ಬಿನ ಡ್ರಿಪ್.

"ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದ ಮೀಸೆ.

ಇನ್‌ಸ್ಪೆಕ್ಟರ್ ನರ್ಸಿಗೆ ಎರಡೇ ಪ್ರಶ್ನೆ ಕೇಳಿದಳು.

"ಈ ಲಸಿಕೆ ಮೈಗೆ ಒಗ್ಗುತ್ತಾ?"

"ಇಲ್ಲ ಮೇಡಂ. ಹೋಗ್ತಾ ಹೋಗ್ತಾ ಗಂಟು ದೊಡ್ಡದೇ ಆಗುತ್ತೆ. ಅದು ಡಾಕ್ಟರೇ ನಮಗೆ ಹೇಳಿಕೊಟ್ಟಿದ್ದು."

"ಕೊಬ್ಬಿನ ಡ್ರಿಪ್ ಯಾರಿಗೆ ಕೊಡ್ತಿದ್ದೀರಿ?"

"ವಾರ್ಡಲ್ಲಿ ಈಗ ಯಾರಿಗೂ ಇಲ್ಲ. ಡಾಕ್ಟರ ಅಕ್ಕನಿಗೆ ಮಾತ್ರ, ಮನೇಲೇ ಹಾಕ್ತಾರೆ. ಕ್ಯಾನ್ಸರ್ ಹೊಟ್ಟೆಗೂ ಹಬ್ಬಿ ಕರುಳು ಕಟ್ಟಿದೆ, ಪಾಪ." ಹೇಳಿದ ಮೇಲೆ ನರ್ಸ್ ಗೋಡೆಗೆ ಒರಗಿದಳು.

*

ಡಾಕ್ಟರ ಮನೆಯಲ್ಲಿ ಎರಡು ಕೋಣೆ. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು.

"ಮಾರೋ ಕಳ್ಳ ಪೆಟ್ಟಿಗೇನೇ ಎತ್ಕೊಂಡು ಹೋಗ್ತಿದ್ದ," ಎಂದಳು ಇನ್‌ಸ್ಪೆಕ್ಟರ್. "ಗುಟ್ಟು ಕದಿಯೋನಿಗೆ ಒಂದು ಸೀಸೆ ಸಾಕಿತ್ತು. ಈ ಕಳ್ಳ ಆಗಾಗ ಒಂದೊಂದೇ ತೆಗೆದಿದ್ದಾನೆ. ಅಂದ್ರೆ ಯಾರಿಗೋ ಚಿಕಿತ್ಸೆ ನಡೀತಿದೆ. ಬದಲಿಗೆ ಕೊಳಾಯಿ ನೀರು ತುಂಬಿಲ್ಲ, ರೋಗಿಗೆ ಅಪಾಯ ಆಗದ್ದನ್ನೇ ಹುಡುಕಿ ತುಂಬಿದ್ದಾನೆ. ಕಂಡಕ್ಟರ್ ನೋವಿಲ್ಲ ಅಂದ ಕೂಡಲೇ ನರ್ಸಿಗೆ ಅನುಮಾನ ಬಂತು. ಲಸಿಕೆ ಮಾಡಿದ ನಿಮಗೆ ಬರಲಿಲ್ಲ. ಒಗ್ಗಿದೆ ಅಂದ್ರಿ."

ಡಾಕ್ಟರ್ ಕುರ್ಚಿಯಲ್ಲಿ ಕೂತ.

"ಬೇಲಿಯೇ ಎದ್ದು ಹೊಲ ಮೇಯ್ತು ಅನ್ನಿ," ಎಂದ ಮೀಸೆ, ಮೆಲ್ಲಗೆ.

"ಅಕ್ಕನ ಮೈಗೆ ಹೊಂದುತ್ತಾ?"

"ಇಲ್ಲ."

"ಗೊತ್ತಿದ್ದೂ?"

"ಮೊದಲ ದಿನದಿಂದ ಗೊತ್ತು." ಅವನು ತನ್ನ ಕೈ ನೋಡಿಕೊಂಡ. "ಹೊಲಿಗೆ ಮೆಷಿನ್ ತುಳಿದು ನನ್ನನ್ನ ಓದಿಸಿದವಳು. ಊರಿಗೆಲ್ಲ ಔಷಧಿ ಮಾಡ್ತೀಯಲ್ಲೋ, ನನಗಿಲ್ವಾ ಅಂದ್ಲು. ನಿನಗೆ ಆಗಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ನೂರಾರು ಜನಕ್ಕೆ ಹೇಳಿದ್ದೀನಿ. ಅವಳಿಗೆ ಹೇಳೋಕಾಗಲಿಲ್ಲ."

"ಆ ಸೀಸೆಗಳು ಯಾರ ಪಾಲಿನವು?"

"ಕಂಡಕ್ಟರದ್ದು. ಇನ್ನೊಬ್ಬರು ಟೀಚರದ್ದು."

"ಅವರಿಗೆ ಹೊಂದುತ್ತಿತ್ತು."

"ಹೊಂದುತ್ತಿತ್ತು. ಕಂಡಕ್ಟರ ಸ್ಕ್ಯಾನಲ್ಲಿ ಹೊಸದೊಂದು ಚುಕ್ಕೆ ಬಂದಿದೆ. ಇದರಿಂದಲೇ ಅಂತ ಯಾರೂ ಹೇಳೋಕಾಗಲ್ಲ. ಅಲ್ಲ ಅಂತ ನಾನೂ ಹೇಳೋಕಾಗಲ್ಲ."

ಅವನ ದನಿಯಲ್ಲಿ ಏರಿಳಿತವಿರಲಿಲ್ಲ. ಆ ದನಿ ಇನ್‌ಸ್ಪೆಕ್ಟರಿಗೆ ಪರಿಚಯದ್ದು. ಒಂದು ತಿಂಗಳಿಂದ ಅವಳದೂ ಅದೇ.

ಮೀಸೆ ಅವನನ್ನು ಜೀಪಿಗೆ ಕರೆದೊಯ್ದ. ಇನ್‌ಸ್ಪೆಕ್ಟರ್ ಒಳಗಿನ ಬಾಗಿಲು ತಳ್ಳಿದಳು.

ಅಕ್ಕ ಎದ್ದೇ ಇದ್ದಳು. ಮೂಳೆ ಚರ್ಮ. ಹೊದಿಕೆ ಸರಿದ ಕಡೆ ತೊಡೆಯ ತುಂಬ ಗಂಟು.

"ಎಲ್ಲ ಕೇಳಿಸ್ತು," ಎಂದಳು. "ನನಗೆ ಆಗಲ್ಲ ಅಂತ ಗೊತ್ತಿತ್ತಮ್ಮ. ಅವನ ಮುಖ ನೋಡಿದ್ರೆ ತಿಳಿಯಲ್ವಾ?"

"ಮತ್ತೆ ಯಾಕೆ ಕೇಳಿದ್ರಿ?"

"ಅವನು ಊಟ ನಿದ್ದೆ ಎಲ್ಲ ಬಿಟ್ಟು ಇಲ್ಲೇ ಕೂತಿರ್ತಿದ್ದ. ಅಕ್ಕನಿಗೆ ಏನೋ ಕೊಟ್ಟೆ ಅನ್ನೋ ಸಮಾಧಾನ ಅವನಿಗಿರಲಿ ಅಂದ್ಕೊಂಡೆ. ಉರಿ ತಡ್ಕೊಂಡೆ. ಬೇರೆಯವರ ಬಾಯಿಂದ ಕಿತ್ತು ತರ್ತಾನೆ ಅಂತ ಗೊತ್ತಿರಲಿಲ್ಲ." ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ಅವನಿಗೆ ಇದನ್ನ ಹೇಳಬೇಡಿ."

ಇನ್‌ಸ್ಪೆಕ್ಟರ್ ನರ್ಸಿಗೆ ಫೋನ್ ಮಾಡಿದಳು. ಅವಳು ಬರುವವರೆಗೆ ಮಂಚದ ಪಕ್ಕದಲ್ಲೇ ಕುಳಿತಳು. ಹೊರಡುವಾಗ ಅಕ್ಕ ತಮ್ಮನ ಬಗ್ಗೆ ಒಂದು ಮಾತು ಕೇಳಿದಳು.

ಜೀಪಿನ ಹಿಂದೆ ಡಾಕ್ಟರ್ ಮೊಣಕಾಲ ಮೇಲೆ ಕೈಯಿಟ್ಟು ಕುಳಿತಿದ್ದ.

"ಅಕ್ಕ ಏನಂದ್ಲು?"

"ನೀವು ಊಟ ಮಾಡಿದ್ರಾ ಅಂತ ಕೇಳಿದ್ರು."

ಮೀಸೆ ಜೀಪು ಶುರು ಮಾಡಿದ. ತಿರುವು ದಾಟಿ, ಮನೆ ಮರೆಯಾಗುವವರೆಗೂ ಡಾಕ್ಟರ್ ಆ ಕಡೆಗೇ ತಿರುಗಿದ್ದ.

"ಇಲ್ಲ ಅಕ್ಕ," ಎಂದ ಆಮೇಲೆ, ಯಾರ ಕಡೆಗೂ ನೋಡದೆ.